ನೋಡಿದವರ ಪಟ್ಟಿ

ಹೆಸರು ಓದುವ ಮೊದಲೇ ಅವಳಿಗೆ ಕೈಬರಹದ ಗುರುತು ಸಿಕ್ಕಿತು. ಬಲಕ್ಕೆ ವಾಲಿದ ಅಕ್ಷರ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಒಂದಕ್ಕೊಂದು ಒರಗಿ ನಿಲ್ಲುವ ಅಕ್ಷರ. ಎಂಟು ವರ್ಷದಿಂದ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಸಾಮಾನಿನ ಚೀಟಿಯಲ್ಲಿ ದಿನಾ ನೋಡುವುದು ಅದನ್ನೇ. ಸಾಬೂನು ಎರಡು, ಸಕ್ಕರೆ ಒಂದು ಕಿಲೋ, ಬೆಂಕಿಪೊಟ್ಟಣ. ಅದೇ ಕೈ ಆಸ್ಪತ್ರೆಗೆ ಬಂದ ಈ ಅರ್ಜಿಯಲ್ಲಿ ಬರೆದಿತ್ತು: 'ನನ್ನ ಫೈಲನ್ನು ಯಾರು ಯಾರು, ಯಾವಾಗ, ಯಾತಕ್ಕೆ ನೋಡಿದರು ಎಂಬ ಪಟ್ಟಿ ಬೇಕು. ನನ್ನ ವಿಷಯ ಇಲ್ಲಿ ಗುಟ್ಟಾಗಿ ಉಳಿಯುವುದಿಲ್ಲ ಎಂದಾದರೆ ನಾನು ಚಿಕಿತ್ಸೆಗೆ ಬರುವುದನ್ನು ನಿಲ್ಲಿಸುತ್ತೇನೆ.' ಕೆಳಗೆ ಓರಗಿತ್ತಿಯ ಸಹಿ. ಅರ್ಜಿ ಕೊಟ್ಟು ಆರು ದಿನವಾಗಿತ್ತು. ಪಟ್ಟಿ ಪಡೆಯಲು ಬರುವ ದಿನ ಇವತ್ತು, ಮಧ್ಯಾಹ್ನ ಮೂರೂವರೆಗೆ.

ಆರು ದಿನ! ಈ ಆರು ದಿನವೂ ಒಂದೇ ಒಲೆಯ ಮುಂದೆ ಇಬ್ಬರೂ ನಿಂತಿದ್ದರು. ಒಬ್ಬಳು ಹೆಚ್ಚಿದ್ದನ್ನು ಇನ್ನೊಬ್ಬಳು ಬಾಣಲೆಗೆ ಹಾಕಿದ್ದಳು. ಇವತ್ತು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಓರಗಿತ್ತಿ ಕೈ ಒರೆಸಿಕೊಳ್ಳುತ್ತ ಬಾಗಿಲ ತನಕ ಬಂದು, "ಛತ್ರಿ ಬೇಡ್ವಾ ಅಕ್ಕ?" ಎಂದಿದ್ದಳು. ಆಕಾಶದಲ್ಲಿ ಬೊಟ್ಟಿನಷ್ಟು ಮೋಡವಿರಲಿಲ್ಲ. ಆಗ ಅದು ಬಿಸಿಲಿಗೆಂದು ಹೇಳಿದ ಮಾತು ಎಂದುಕೊಂಡಿದ್ದಳು, ಅಕ್ಕರೆ ಎಂದುಕೊಂಡಿದ್ದಳು. ಈಗ ಅರ್ಜಿ ಕೈಯಲ್ಲಿ ಹಿಡಿದು ನಿಂತಾಗ ಆ ಮಾತಿನ ಒಳಗೆ ಇನ್ನೇನೋ ಇತ್ತೇನೋ ಎನ್ನಿಸಿತು. ನನಗೆ ಗೊತ್ತು, ನಿಮಗೂ ಇವತ್ತು ಗೊತ್ತಾಗುತ್ತದೆ, ತಲೆ ಮೇಲೆ ಏನಾದರೂ ಹಿಡಿದುಕೊಂಡು ಹೋಗಿ ಎಂದಂತೆ. ಅನುಮಾನ ಒಮ್ಮೆ ಒಳಗೆ ಬಂದರೆ ಚಪ್ಪಲಿ ಬಿಡುವುದಿಲ್ಲ, ಇಡೀ ಮನೆ ಓಡಾಡುತ್ತದೆ. ನಿನ್ನೆ ಅವಳು ನಕ್ಕದ್ದು ಯಾಕೆ, ಮೊನ್ನೆ ಉಪ್ಪಿನ ಡಬ್ಬಿ ಕೇಳಿದಾಗ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟದ್ದು ಯಾಕೆ, ಎಲ್ಲ ಒಂದೊಂದಾಗಿ ಎದ್ದು ಬಂದವು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಕೆಲಸ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವಳು ಅವಳೇ ಆದ್ದರಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ, ಇಲ್ಲವೇ ಬೀಗದಮ್ಮ. ಮೊದಲು ಬೀಗವೆಂದರೆ ಬೀಗ. ಹಿತ್ತಾಳೆಯದು, ಅಂಗೈಯಲ್ಲಿ ತಣ್ಣಗೆ ಕೂರುವಂಥದು. ಕಪಾಟುಗಳ ತುಂಬ ನೂಲು ಕಟ್ಟಿದ ಫೈಲುಗಳು. ಯಾರಾದರೂ ನೋಡಬೇಕೆಂದರೆ ಏಣಿ ಹತ್ತಬೇಕು, ಧೂಳಿಗೆ ಸೀನಬೇಕು. ಕದ್ದು ನೋಡುವವನಿಗೂ ಸೀನು ತಪ್ಪುತ್ತಿರಲಿಲ್ಲ. ಈಗ ಎಲ್ಲ ಕಂಪ್ಯೂಟರಿನೊಳಗೆ ಹೋಗಿ ಕೂತಿದೆ. ಅಲ್ಲಿ ಏಣಿಯೂ ಇಲ್ಲ, ಧೂಳೂ ಇಲ್ಲ. ಆದರೆ ಅದು ಯಾರು ಒಳಗೆ ಬಂದರು, ಎಷ್ಟು ಹೊತ್ತು ಇದ್ದರು ಎಂದು ಬರೆದಿಟ್ಟುಕೊಳ್ಳುತ್ತದೆ. ಹೋದ ವರ್ಷದಿಂದ ರೋಗಿಗಳು ಕೇಳಿದರೆ ಆ ಬರಹವನ್ನು ಪಟ್ಟಿ ಮಾಡಿ ಕೊಡಬೇಕೆಂದು ಹೊಸ ನಿಯಮ. ಪಟ್ಟಿ ತೆಗೆದು ಕೊಡುವ ಕೆಲಸ ಅವಳದು. ಸಂಬಂಧಿಕರ ಅರ್ಜಿ ಬಂದರೆ ಅದನ್ನು ಬೇರೆಯವರಿಗೆ ದಾಟಿಸಬೇಕು ಎಂದೂ ನಿಯಮ ಹೇಳುತ್ತದೆ. ಆದರೆ ದಾಟಿಸುವುದೆಂದರೆ ಇದು ನನ್ನ ಓರಗಿತ್ತಿಯದು ಎಂದು ಬಾಯಿಬಿಡುವುದು. ನನ್ನ ಓರಗಿತ್ತಿ ಮನೋರೋಗದ ವಿಭಾಗಕ್ಕೆ ಹೋಗುತ್ತಾಳೆ ಎಂದು ಈ ಕೋಣೆಯ ಗೋಡೆಗಳಿಗೂ ತಿಳಿಸುವುದು. ಅರ್ಜಿಯನ್ನು ಮಡಿಸಿ ಕೀಲಿಮಣೆಯ ಕೆಳಗಿಟ್ಟು ಅವಳೇ ಕೂತಳು.

ಪಟ್ಟಿ ಪರದೆಯ ಮೇಲೆ ಬಂತು. ತಾರೀಖು, ಹೊತ್ತು, ನೋಡಿದವರ ಹೆಸರು, ಎಷ್ಟು ನಿಮಿಷ. ಕೊನೆಯಲ್ಲಿ ಒಂದು ಖಾಲಿ ಜಾಗ: ಕಾರಣ. ಅದನ್ನು ಕೈಯಿಂದ ತುಂಬಬೇಕು. ವೈದ್ಯರು ನೋಡಿದ್ದು ವೈದ್ಯರ ಹೆಸರಿನಲ್ಲಿತ್ತು, ಔಷಧಿ ಕೊಡುವವರದು ಅವರವರ ಹೆಸರಿನಲ್ಲಿತ್ತು. ದಾಖಲೆ ಕೋಣೆಯಿಂದ ಆರು ಸಲ. ಆರೂ ಸಾಲಿನಲ್ಲಿ ಅವಳದೇ ಹೆಸರು.

ಅವಳ ಕಿವಿ ಬಿಸಿಯಾಯಿತು. ಆರು ಸಲ ಅವಳು ನೋಡಿರಲಿಲ್ಲ. ಆಣೆಗೂ ನೋಡಿರಲಿಲ್ಲ. ಆದರೆ ಆ ಕೋಣೆಯ ಪದ್ಧತಿಯೇ ಹಾಗೆ. ಅಲ್ಲಿದ್ದದ್ದು ಒಂದೇ ಕಂಪ್ಯೂಟರು, ಅದೂ ಮುದುಕ. ಒಬ್ಬರು ತಮ್ಮ ಹೆಸರಿನಿಂದ ಹೊರಗೆ ಬಂದು ಇನ್ನೊಬ್ಬರು ಒಳಗೆ ಹೋಗಲು ಆರು ನಿಮಿಷ ತಿನ್ನುತ್ತಿತ್ತು. ಅದಕ್ಕೇ ಬೆಳಿಗ್ಗೆ ಮೊದಲು ಬಂದವರು ತಮ್ಮ ಹೆಸರಿನಲ್ಲಿ ತೆರೆದರೆ ಸಂಜೆ ತನಕ ಎಲ್ಲರೂ ಅದರಲ್ಲೇ ಕೆಲಸ ಮಾಡುವುದು. ಮೊದಲು ಬರುವವಳು ಯಾವಾಗಲೂ ಅವಳೇ. ಇದನ್ನು ತಪ್ಪು ಎಂದು ಯಾರೂ ಭಾವಿಸಿರಲಿಲ್ಲ. ಒಬ್ಬರು ಒಲೆ ಹಚ್ಚಿದರೆ ಎಲ್ಲರೂ ಅಡುಗೆ ಮಾಡಿಕೊಂಡ ಹಾಗೆ. ಅದರಲ್ಲೂ ಮೇಷ್ಟ್ರಿಗೆ (ಪಾಠ ಹೇಳಿದವರಲ್ಲ, ಎಲ್ಲರ ಕಾಗುಣಿತ ತಿದ್ದುತ್ತಾರೆಂದು ಆ ಹೆಸರು) ತಮ್ಮ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಮೂರು ಸಲ ತಪ್ಪು ಹೊಡೆದು ಮೇಲ್ವಿಚಾರಕಿಯ ಬಾಗಿಲಲ್ಲಿ ಶಾಲೆಯ ಹುಡುಗನಂತೆ ನಿಲ್ಲುವುದನ್ನು ಎರಡು ಬಾರಿ ಕಂಡ ಮೇಲೆ, "ನನ್ನದರಲ್ಲೇ ಮಾಡಿ ಮೇಷ್ಟ್ರೇ, ಅದಕ್ಕೇನು" ಎಂದವಳು ಅವಳೇ. ಹೇಳುವಾಗ ಎಷ್ಟು ಹಿತವಾಗಿತ್ತು! ಕೊಡುವ ಕೈಗೆ ಒಂದು ಬಗೆಯ ಜಂಬ ಇರುತ್ತದೆ, ಅದು ಕೊಟ್ಟವರಿಗೇ ಕಾಣುವುದಿಲ್ಲ.

ನಾಲ್ಕನೇ ಸಾಲು. ಮಂಗಳವಾರ, ಹನ್ನೆರಡು ನಲವತ್ತೇಳು. ಹದಿನಾಲ್ಕು ನಿಮಿಷ. ಅದು ಅವಳದು.

ಮೂರು ತಿಂಗಳಾಯಿತು. ಊಟದ ಹೊತ್ತಿಗೆ ಕೈತೊಳೆಯಲು ಹೋದಾಗ ಉದ್ದದ ಪಡಸಾಲೆಯ ತುದಿಯಲ್ಲಿ ಒಂದು ಬೆನ್ನು ಕಂಡಿತ್ತು. ತಾನೇ ಗುಂಡಿ ಹೊಲಿದುಕೊಟ್ಟ ನೀಲಿ ರವಿಕೆ. ಆ ಬೆನ್ನು ಬಲಕ್ಕೆ ತಿರುಗಿತು. ಬಲಕ್ಕೆ ಇರುವುದು ಮನೋರೋಗ ವಿಭಾಗದ ಒಂಬತ್ತನೇ ಕೋಣೆ ಮಾತ್ರ. ಅಲ್ಲಿ ಕಾಯುವವರು ಯಾರ ಮುಖವನ್ನೂ ನೋಡದೆ ತಮ್ಮ ಉಗುರು ನೋಡಿಕೊಳ್ಳುತ್ತ ಕೂರುತ್ತಾರೆ. ಅವಳು ಕೂಗಲಿಲ್ಲ. ಕೂಗಬಾರದೆಂದು ತಿಳಿಯುವಷ್ಟು ಒಳ್ಳೆಯತನ ಅವಳಲ್ಲಿತ್ತು. ಆದರೆ ದಾಖಲೆ ಕೋಣೆಗೆ ಮರಳಿದಾಗ ಯಾರೂ ಇರಲಿಲ್ಲ. ಡಬ್ಬಿ ಬಿಚ್ಚದೆ ಕೂತಳು. ಹೆಸರಿನ ಮೊದಲ ಎರಡು ಅಕ್ಷರ ಒತ್ತಿದ್ದಳಷ್ಟೆ, ಉಳಿದದ್ದನ್ನು ಕಂಪ್ಯೂಟರೇ ಮುಂದೆ ನೂಕಿತು: ಇವರೇನಾ, ಇವರೇನಾ ಎಂದು. ಎಷ್ಟೋ ರಾತ್ರಿ ಆ ಎರಡು ಅಕ್ಷರಗಳ ಮೇಲೆ ಅವಳು ವಕೀಲಿಕೆ ನಡೆಸಿದ್ದಾಳೆ. ನಾನು ಎರಡೇ ಅಕ್ಷರ ಒತ್ತಿದ್ದು. ಬಾಗಿಲು ತಾನಾಗಿ ತೆರೆದುಕೊಂಡಿತು.

ಯಾರೋ ಬಾಗಿಲು ದಡಾರನೆ ತಳ್ಳಿದರು. ಬಿರುಗಾಳಿ. ಇಪ್ಪತ್ತಾರರ ಹುಡುಗಿ, ಬಂದರೂ ಹೋದರೂ ಕೋಣೆಯ ಕಾಗದಗಳೆಲ್ಲ ಏಳುತ್ತವೆಂದು ಆ ಹೆಸರು. ಅವಳು ಮೊಬೈಲು ಕಿವಿಗೆ ಒತ್ತಿಕೊಂಡು, "ಅಯ್ಯೋ, ಎಲ್ಲರ ಹೊಟ್ಟೆಯೊಳಗಿನ ಗುಟ್ಟೂ ನಮ್ಮತ್ರಾನೇ ಇರೋದು ಕಣೇ!" ಎಂದು ಯಾರಿಗೋ ಹೇಳಿ ನಗುತ್ತಿದ್ದಳು. ಪರದೆಯನ್ನು ತಟ್ಟನೆ ಕುಗ್ಗಿಸಿದ ಬೀಗದಕ್ಕನ ಎದೆಯಲ್ಲಿ ಒಂದು ಬಗೆಯ ಸಂತೋಷವೇ ಆಯಿತು. ಇವಳೇ. ಇವಳಲ್ಲದೆ ಇನ್ಯಾರು? ನಾನು ಒಂದೇ ಸಲ ನೋಡಿದೆ, ಒಬ್ಬರ ಮುಂದೆಯೂ ಉಸಿರೆತ್ತಲಿಲ್ಲ. ಓರಗಿತ್ತಿಗೆ ಅನುಮಾನ ಬರುವಂತೆ ಏನೋ ಹೊರಗೆ ಹೋಗಿದೆ ಎಂದರೆ ಈ ಬಾಯಿಯಿಂದಲೇ ಹೋಗಿರಬೇಕು. ಕಳ್ಳನಿಗೆ ಇನ್ನೊಬ್ಬ ಕಳ್ಳ ಸಿಕ್ಕಿದರೆ ಆಗುವ ಸಮಾಧಾನ ಎಂಥದೆಂದು ಅವಳಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

"ಏ ಹುಡುಗಿ," ಎಂದಳು, ದನಿ ಹಗುರ ಮಾಡಿಕೊಂಡು. "ನಾಲ್ಕು ಸಾವಿರದ ನಾನೂರ ಹದಿನೇಳು. ಆ ಫೈಲು ನೀನು ಯಾವಾಗಾದ್ರೂ ತೆಗೆದಿದ್ದೆಯಾ?"

"ಹೆಸರೇನಕ್ಕ?"

"ಹೆಸರು ಬೇಡ. ನಂಬರು ಹೇಳಿದ್ನಲ್ಲ."

ಬಿರುಗಾಳಿ ಮೇಜಿನ ಮೇಲೆ ಕೂತು ಕಾಲಾಡಿಸಿದಳು. "ಹದಿನೇಳು... ಹಾಂ, ಕೊನೇಲಿ ಹದಿನೇಳು. ಫೋನ್ ನಂಬರ್ ಬದಲಾಯಿಸೋಕೆ. ಆಯಮ್ಮ ಕಿಟಕಿಗೆ ಬಂದು, ಮೆಸೇಜೆಲ್ಲ ಮನೆ ಫೋನಿಗೆ ಹೋಗ್ತಿದೆ, ಎಲ್ಲರ ಕೈಯಲ್ಲಿ ಓಡಾಡುತ್ತೆ ಆ ಫೋನು, ನನ್ನದಕ್ಕೆ ಹಾಕಿ ಅಂದ್ರು. ಹಾಕ್ದೆ. ಆಮೇಲೆ ಒಂದಿನ ಸರಿಯಾಗಿ ಕೂತಿದೆಯಾ ಅಂತ ನಾನೇ ಇನ್ನೊಂದ್ಸಲ ತೆಗೆದು ನೋಡ್ದೆ. ಈ ಮುದಿಯಪ್ಪನ್ನ ನಂಬೋಕಾಗುತ್ತಾ?" ಎಂದು ಕಂಪ್ಯೂಟರಿನ ತಲೆಗೆ ಮೊಟಕಿದಳು.

"ಹೆಸರು ನೋಡಲಿಲ್ವಾ?"

"ಇಲ್ಲಪ್ಪ. ನಾನು ನಂಬರ್ ಮಾತ್ರ ನೋಡೋದು. ಹೆಸರು ನೋಡಿದ್ರೆ ಮನೆಗೆ ಹೋದ್ಮೇಲೂ ತಲೇಲಿ ಕೂತಿರುತ್ತೆ. ಪಾಪ, ಅವರ ಕಷ್ಟ ಅವರಿಗಿರಲಿ, ನಾನ್ಯಾಕೆ ಹೊತ್ಕೊಂಡು ಹೋಗ್ಲಿ?" ಎಂದು, ಅವಳ ಮುಖವನ್ನೊಮ್ಮೆ ನೋಡಿ, "ಊಟ ಮಾಡಿಲ್ವಾ ಅಕ್ಕ? ಮುಖ ಬಾಡಿದೆ," ಎಂದು ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ಅವಳ ಮುಂದೆ ಇಟ್ಟು, ಬಂದ ಹಾಗೇ ಹೋದಳು. ಕಾಗದಗಳು ಎದ್ದು ಕೂತವು.

ಎರಡು ಸಾಲಿಗೆ ಕಾರಣ ಸಿಕ್ಕಿತು. ಅವಳಿಗೆ ನಿರಾಸೆಯಾಯಿತು, ಆ ನಿರಾಸೆಗೆ ನಾಚಿಕೆಯೂ ಆಯಿತು. ಉಳಿದದ್ದು ಮೂರು. ಕಿಟಕಿಯ ಬಳಿ ಮೇಷ್ಟ್ರು ಪೆನ್ಸಿಲಿನ ಮೊನೆ ಮಾಡುತ್ತ ಕೂತಿದ್ದರು. ಇಷ್ಟು ವರ್ಷ ಜೊತೆಗಿದ್ದು ಒಂದು ದಿನವೂ ದನಿಯೆತ್ತದ ಮನುಷ್ಯ. ಇಂಥವರನ್ನೇ ನಂಬಬಾರದು ಎಂದುಕೊಂಡಳು. ನಿಂತ ನೀರು. ಹೆಂಡತಿ ಇಲ್ಲ, ಸಂಜೆ ಮನೆಗೆ ಹೋಗಿ ಏನು ಮಾಡುತ್ತಾರೋ, ಯಾರ ಹತ್ತಿರ ಮಾತಾಡುತ್ತಾರೋ. ಎರಡು ಸಾಲುಗಳ ತಾರೀಖು ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ ಸೋಮವಾರದ್ದು, ಅದೂ ಸಂಜೆ, ಕೋಣೆಯಲ್ಲಿ ಇವರೊಬ್ಬರೇ ಇದ್ದಾಗ. ಅವಳು ಸಂಖ್ಯೆ ಹೇಳಿದಳು. ಮೇಷ್ಟ್ರು ಬೆಚ್ಚಲಿಲ್ಲ. ಜೇಬಿನಿಂದ ಅಂಗೈಯಗಲದ ಪುಸ್ತಕವೊಂದನ್ನು ತೆಗೆದು ಬೆರಳಿಗೆ ಎಂಜಲು ಮಾಡಿಕೊಂಡು ಹಾಳೆ ತಿರುವಿದರು.

"ನಿಮ್ಮ ಹೆಸರಲ್ಲಿ ಕೆಲಸ ಮಾಡ್ತೀನಲ್ಲ ಬೀಗದಮ್ಮ, ನಾಳೆ ನಿಮಗೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ? ಅದಕ್ಕೆ ನಾನು ಮುಟ್ಟಿದ್ದೆಲ್ಲ ಬರೆದಿಡ್ತೀನಿ. ಇಗೋ. ಒಂದೇ ಹೆಸರಿನ ಇಬ್ಬರ ಹಾಳೆ ಅದಲು ಬದಲಾಗಿತ್ತು. ಒಬ್ಬರದು ಎಲುಬಿನ ತೊಂದರೆ, ಇನ್ನೊಬ್ಬರದು..." ಎಂದು ನಿಲ್ಲಿಸಿದರು. "ಇನ್ನೊಬ್ಬರದು ಬೇರೆ. ಸೋಮವಾರ ಎರಡು ಸಲ, ಗುರುವಾರ ಒಂದು ಸಲ. ಸರಿ ಮಾಡಿದೆ."

ಪುಸ್ತಕದಲ್ಲಿ ಪೆನ್ಸಿಲಿನ ಸಾಲುಗಳು, ಮುತ್ತು ಪೋಣಿಸಿದಂತೆ. ಎರಡು ವರ್ಷದ ಸಾಲುಗಳು. ಅವಳು ಕೇಳಲಿ ಎಂದಲ್ಲ, ಅವಳಿಗೆ ಕಷ್ಟವಾಗದಿರಲಿ ಎಂದು ಬರೆದದ್ದು. ಐದು ಸಾಲಿಗೆ ಕಾರಣವಿತ್ತು. ಆ ಕೋಣೆಯಲ್ಲಿ ಕಾರಣವಿಲ್ಲದೆ ನೋಡಿದವಳು ಒಬ್ಬಳೇ, ಬೀಗದ ಕೈ ಹಿಡಿದವಳು.

ಹಾಗಾದರೆ ಓರಗಿತ್ತಿಗೆ ಅನುಮಾನ ಬಂದದ್ದು ಎಲ್ಲಿಂದ? ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಅದಕ್ಕೆ ಬದಲು ಈ ಮೂರು ತಿಂಗಳಲ್ಲಿ ತನಗೆ ತಿಳಿದ ಮಟ್ಟಿಗೆ ಓರಗಿತ್ತಿಗೆ ಒಂದು ಒರಟು ಮಾತು ಆಡಿರಲಿಲ್ಲ. ಪಾತ್ರೆ ತಾನೇ ತೊಳೆದಿದ್ದಳು. ಅತ್ತೆ ಗೊಣಗಿದರೆ, "ಬಿಡಿ ಅತ್ತೆ, ಅವಳಿಗೆ ಸುಸ್ತು" ಎಂದು ಅಡ್ಡ ನಿಂತಿದ್ದಳು. ಸಂಜೆ ಚಹಾ ಸೋಸುವುದು ಅವಳ ಕೆಲಸ. ಅತ್ತೆ, ಗಂಡಸರು, ಮಕ್ಕಳು ಎಲ್ಲರದಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಓರಗಿತ್ತಿಯರಿಬ್ಬರೂ ಹಂಚಿಕೊಳ್ಳುತ್ತಿದ್ದರು. ಗಸಿ ಯಾರ ಪಾಲಿಗೆ ಎಂದು ದಿನಾ ಜಗಳ. "ನಿನ್ನೆ ನಂಗೆ ಬಂತು, ಇವತ್ತು ನೀವು ಕುಡೀರಿ ಅಕ್ಕ, ಹಿರಿಯರು ಮೊದಲು!" ಎಂದು ಓರಗಿತ್ತಿ ಲೋಟ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆ ಮಂಗಳವಾರದಿಂದ ಅವಳು ಎಲ್ಲರಿಗಿಂತ ಮೊದಲು ಓರಗಿತ್ತಿಯ ಲೋಟ ತುಂಬಿ, ಮುಚ್ಚಳ ಮುಚ್ಚಿ, ಬದಿಗಿಡುತ್ತಿದ್ದಳು. ಆ ಜಗಳ ಯಾವಾಗ ನಿಂತಿತೋ ಅವಳಿಗೆ ನೆನಪಾಗಲಿಲ್ಲ.

ಯಾಕೋ ಅಮ್ಮ ನೆನಪಾದಳು. ಹದಿನೈದು ವರ್ಷವಿದ್ದಾಗ ಲೆಕ್ಕದ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವಳು ಏನೇನೋ ಬರೆಯುತ್ತಿದ್ದಳು. ತಾನು ಕುರೂಪಿ, ತನ್ನ ಜೊತೆ ಯಾರೂ ಕೂರುವುದಿಲ್ಲ, ಸತ್ತರೆ ಯಾರು ಅಳುತ್ತಾರೆ ಎಂದೆಲ್ಲ. ಒಂದು ಬೆಳಿಗ್ಗೆ ಅಮ್ಮ ತಲೆ ಬಾಚುವಾಗ ಸಿಕ್ಕು ಎಳೆಯಲಿಲ್ಲ. ದಿನಾ ಕೂದಲು ಕಿತ್ತು ಕೈಗೆ ಬರುವಂತೆ ಬಾಚುವ ಅಮ್ಮ ಆ ದಿನ ಒಂದೊಂದೇ ಎಳೆ ಬಿಡಿಸಿದಳು, ಜಡೆ ಹಾಕಿ ಭುಜ ಸವರಿದಳು. ಕನ್ನಡಿಯಲ್ಲಿ ಅಮ್ಮನ ಕಣ್ಣು ಕಂಡಿತು, ಓದಿದ ಕಣ್ಣು. ಅಷ್ಟೆ. ಆ ಸಂಜೆ ಅವಳು ಹಾಳೆಗಳನ್ನು ಹರಿದು ಒಲೆಗೆ ಹಾಕಿದಳು. ಆಮೇಲೆ ಎಂದೂ ಬರೆಯಲಿಲ್ಲ, ಅಮ್ಮನಿಗೆ ಏನನ್ನೂ ಹೇಳಲೂ ಇಲ್ಲ. ಅಮ್ಮ ಸಾಯುವ ತನಕ ಮೆಲ್ಲಗೇ ಬಾಚಿದಳು.

ಮೂರು ಗಂಟೆ ಹತ್ತು ನಿಮಿಷ. ಮುದ್ರಿಸಿದ ಹಾಳೆ ಎದುರಿಗಿತ್ತು. ಮೇಲ್ವಿಚಾರಕಿಗೆ ಪುರುಸೊತ್ತಿಲ್ಲದ್ದರಿಂದ ಇಂಥ ಹಾಳೆಗಳಿಗೆ ಖಾಲಿ ಇರುವಾಗಲೇ ವಾರಕ್ಕೊಮ್ಮೆ ಒಟ್ಟಿಗೆ ಸಹಿ, ಮೊಹರು ಹಾಕಿ ಕೊಟ್ಟುಬಿಡುತ್ತಿದ್ದರು. ಕಾರಣ ಆಮೇಲೆ ತುಂಬಿದರಾಯಿತು, ಯಾರೂ ಓದುವುದಿಲ್ಲ. ಐದು ಸಾಲು ತುಂಬಿದಳು. ನಾಲ್ಕನೆಯದರ ಮುಂದೆ ಪೆನ್ನು ನಿಂತಿತು. 'ಹಾಳೆ ಸರಿಪಡಿಸಲು' ಎಂದರೆ ಮುಗಿಯಿತು. ಮೇಷ್ಟ್ರ ಮೂರು ಸಾಲಿನ ನಡುವೆ ಅದೂ ಒಂದಾಗಿ ಕೂರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಓರಗಿತ್ತಿಗೆ ನೆಮ್ಮದಿ, ಚಿಕಿತ್ಸೆಗೆ ಬರುತ್ತಾಳೆ. ಸುಳ್ಳು ಹೇಳಿಯಾದರೂ ಒಬ್ಬಳ ಆರೋಗ್ಯ ಉಳಿಸಿದಂತಾಯಿತಲ್ಲ? ನಿಜ ಬರೆದರೆ ಹತ್ತೊಂಬತ್ತು ವರ್ಷದ ಕೆಲಸ ಹೋಗಬಹುದು. ಹೋದ ತಿಂಗಳು ಪಕ್ಕದ ಕಟ್ಟಡದ ಗುಮಾಸ್ತ ಇದಕ್ಕೇ ಮನೆಗೆ ಹೋಗಿದ್ದ. ಆದರೆ ಇವತ್ತಿನ ಸುಳ್ಳೂ ಅಕ್ಕರೆಯ ಹೆಸರಿನಲ್ಲೇ ಬರುತ್ತಿದೆ ಎಂದು ಅವಳಿಗೆ ಹೊಳೆಯಿತು. ಅದು ಬಂದ ದಾರಿಯ ಪರಿಚಯವಿತ್ತು. ಮೊದಲು ಎರಡು ಅಕ್ಷರ, ಆಮೇಲೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ.

'ನೋಡಿದ್ದು ನಾನೇ. ಕಾರಣವಿಲ್ಲ,' ಎಂದು ಬರೆದಳು.

ಮೂರೂವರೆಗೆ ಸರಿಯಾಗಿ ಕಿಟಕಿಯ ಆಚೆ ಓರಗಿತ್ತಿ ಬಂದಳು. ಮೇಷ್ಟ್ರು ಏನು ತಿಳಿದರೋ, "ನಲ್ಲಿಯಲ್ಲಿ ನೀರು ಬಂತಾ ನೋಡ್ತೀನಿ" ಎಂದು ಖಾಲಿ ಬಾಟಲಿ ಹಿಡಿದು ಹೊರಗೆ ಹೋದರು. ಕಿಟಕಿಯ ಸರಳುಗಳ ನಡುವೆ ಓರಗಿತ್ತಿಯ ಮುಖ ಬೇರೆ ಯಾರದೋ ಮುಖದಂತೆ, ಸಾಲಿನಲ್ಲಿ ನಿಂತ ರೋಗಿಯ ಮುಖದಂತೆ ಕಂಡಿತು. ಇಬ್ಬರೂ ಒಬ್ಬರಿಗೊಬ್ಬರು ಅರ್ಜಿಯ ಸಂಖ್ಯೆ ಹೇಳಿಕೊಂಡರು. ಅವಳು ಹಾಳೆ ದಾಟಿಸಿದಳು.

ಓರಗಿತ್ತಿ ನಿಂತಲ್ಲೇ ಓದಿದಳು. ಕಣ್ಣು ನಾಲ್ಕನೇ ಸಾಲಿಗೆ ಬಂದು ನಿಂತಿತು, ಮುಂದೆ ಹೋಗಲಿಲ್ಲ.

"ಹದಿನಾಲ್ಕು ನಿಮಿಷ," ಎಂದಳು. "ನನ್ನ ಫೈಲಲ್ಲಿ ಅಷ್ಟು ಓದೋಕೆ ಏನಿದೆ ಅಕ್ಕ? ಎರಡೇ ಹಾಳೆ."

ಅವಳು ಓದಿದ್ದು ಎರಡು ಹಾಳೆಯನ್ನಲ್ಲ. ಒಂದು ಸಾಲನ್ನು. ವೈದ್ಯರು ಬರೆದುಕೊಂಡ ಸಾಲು: ಮನೆಯಲ್ಲಿ ಅಕ್ಕನ ಹತ್ತಿರ ಮಾತ್ರ ಹೇಳಿಕೊಳ್ಳಬಹುದು ಅನ್ನುತ್ತಾರೆ, ಇನ್ನೂ ಧೈರ್ಯ ಬಂದಿಲ್ಲ. ಹದಿನಾಲ್ಕು ನಿಮಿಷ ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಮೂರು ತಿಂಗಳು ಕಾದಳು, ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು. ಹೇಳಲು ಸುಲಭವಾಗಲಿ ಎಂದೇ ಮೊದಲ ಲೋಟ ತುಂಬಿದಳು. ಇದನ್ನು ಈಗ ಹೇಗೆ ಹೇಳುವುದು?

"ನಿನಗೆ ಯಾರು ಹೇಳಿದ್ರು," ಎಂದಳು ಕೊನೆಗೆ. "ನಾನು ನೋಡಿದೆ ಅಂತ?"

"ಯಾರು ಹೇಳಬೇಕು? ಒಂದಿನ ಇದ್ದಕ್ಕಿದ್ದ ಹಾಗೆ ನನ್ನ ಲೋಟಕ್ಕೆ ಮುಚ್ಚಳ ಬಂತು. ಬೈಯೋದು ನಿಲ್ಲಿಸಿದ್ರಿ. ಮನೇಲಿ ನನ್ನ ಜೊತೆ ಜಗಳ ಆಡ್ತಿದ್ದೋರು ನೀವೊಬ್ರೇ ಅಕ್ಕ. ಒಳಗೆ ಎಲ್ಲ ಕೈತಪ್ಪಿ ಹೋಗ್ತಿದೆ ಅನ್ನಿಸಿದ ದಿನ, ಇವರು ಗಸಿಗೆ ಜಗಳ ಆಡ್ತಾರಲ್ಲ, ಹಾಗಾದ್ರೆ ನಾನು ಸರಿಯಾಗೇ ಇದೀನಿ ಅಂದ್ಕೊಳ್ತಿದ್ದೆ." ಹಾಳೆಯನ್ನು ಎರಡಾಗಿ ಮಡಿಸಿದಳು. "ಬೇರೆ ಆಸ್ಪತ್ರೆ ಇರಲಿಲ್ವಾ ನಂಗೆ? ಇಲ್ಲಿ ಬೀಗ ನಿಮ್ಮ ಕೈಯಲ್ಲಿದೆ ಅಂತ ಇಲ್ಲಿಗೆ ಬಂದೆ."

"ಬರೋದು ನಿಲ್ಲಿಸಬೇಡ ಕಣೇ," ಎಂದಳು ಅವಳು. "ಆ ಹಾಳೆ ತಗೊಂಡು ಹೋಗಿ ದೂರು ಕೊಡು. ನನ್ನ ಕೆಲಸ ಹೋದ್ರೆ ಹೋಗ್ಲಿ. ನೀನು ನಿಲ್ಲಿಸಬೇಡ."

"ಇದನ್ನ ನನ್ನ ಮುಖ ನೋಡಿ ಹೇಳ್ತಿದೀರಾ, ಫೈಲು ನೋಡಿ ಹೇಳ್ತಿದೀರಾ?"

ಓರಗಿತ್ತಿ ಹಾಳೆಯನ್ನು ಮತ್ತೆ ಮಡಿಸಿ ನಾಲ್ಕು ಮಾಡಿ ಸೆರಗಿನ ಕೆಳಗೆ ಹಿಡಿದುಕೊಂಡು ಪಡಸಾಲೆಯಲ್ಲಿ ನಡೆದಳು. ಕಿಟಕಿಯಿಂದ ತಿರುವಿನ ತನಕ ಮಾತ್ರ ಕಾಣುತ್ತದೆ. ಎಡಕ್ಕೆ ತಿರುಗಿದರೆ ದೂರು ಕೊಡುವ ಮೇಜು, ಅದನ್ನು ದಾಟಿದರೆ ಗೇಟು. ಬಲಕ್ಕೆ ಒಂಬತ್ತನೇ ಕೋಣೆ. ಎದ್ದು ಬಾಗಿಲಿಗೆ ಎರಡು ಹೆಜ್ಜೆ ಇಟ್ಟರೆ ಗೊತ್ತಾಗುತ್ತದೆ. ಏಳದಿದ್ದರೂ ಆಯಿತು, ಸಂಜೆ ಆ ನಂಬರು ಒತ್ತಿದರೆ ಇವತ್ತು ವೈದ್ಯರು ಅದನ್ನು ತೆರೆದರೋ ಇಲ್ಲವೋ ತಿಳಿಯುತ್ತದೆ. ಅವಳ ಕಾಲು ತಾನಾಗಿ ಕುರ್ಚಿಯ ಕೆಳಗಿಂದ ಮುಂದೆ ಬಂದಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡಳು. ಕಂಪ್ಯೂಟರಿನಲ್ಲಿ ತನ್ನ ಹೆಸರನ್ನು ಮುಚ್ಚಿದಳು. ಹಗಲು ಹೊತ್ತಿನಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಬಾಗಿಲು ದಡಾರೆಂದಿತು. "ಅಕ್ಕ! ಆ ಹದಿನೇಳರ ಆಯಮ್ಮ ಇದಾರಲ್ಲ, ಈಗ ನೋಡ್ದೆ, ಅವರು ಸೀದಾ..."

"ಹೇಳಬೇಡ."

"ಅಲ್ಲಕ್ಕ, ಅವರು..."

"ಹೇಳಬೇಡ ಅಂದ್ನಲ್ಲೇ!" ಅವಳ ದನಿ ಅಷ್ಟು ಜೋರಾಗಿ ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ. ಬಿರುಗಾಳಿ ಬಾಯಿ ಮುಚ್ಚಿಕೊಂಡಳು. ನೀರಿನ ಬಾಟಲಿ ತುಂಬಿಸಿಕೊಂಡು ಬಂದ ಮೇಷ್ಟ್ರು ಕಪ್ಪು ಪರದೆ ನೋಡಿ ನಿಂತುಬಿಟ್ಟರು.

"ಕರೆಂಟು ಹೋಯ್ತಾ ಬೀಗದಮ್ಮ?"

"ಇಲ್ಲ ಮೇಷ್ಟ್ರೇ. ನಿಮ್ಮ ಹೆಸರಲ್ಲೇ ತೆರೀರಿ ಇನ್ಮೇಲೆ. ಆರು ನಿಮಿಷ ತಾನೇ."

ಮೇಷ್ಟ್ರ ಮುಖ ಸಣ್ಣದಾಯಿತು. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು. ಇನ್ನು ಉಳಿದದ್ದು ಒಂದೇ ಸಲ. ಅವರಿಗೆ ಅವಳ ಪಾಸ್‌ವರ್ಡ್ ಬಾಯಿಪಾಠ ಬರುತ್ತಿತ್ತು. ಅವರದು ಏನಿರಬಹುದೆಂದು ಅವಳಿಗೂ ಒಂದು ಊಹೆಯಿತ್ತು, ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡಳು. ಪಡಸಾಲೆಯಲ್ಲಿ ಯಾರದೋ ಹೆಜ್ಜೆಯ ಸದ್ದು ದೂರವಾಗುತ್ತಿತ್ತು, ಅಥವಾ ಹತ್ತಿರವಾಗುತ್ತಿತ್ತು. ಮೇಷ್ಟ್ರ ಬೆರಳುಗಳು ಕಾಣದ ಹಾಗೆ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತಳು.